ಗುಣವಾದ ಮಕ್ಕಳು ಪ್ರಾಯಕ್ಕೆ ಬಂದಾಗ

ಬೀದರ್ ಜಿಲ್ಲೆಯ ಘಾಟಬೋರಾಳದಂಥ ಊರಿನ ಮಗುವಿಗೆ ಬ್ಲಡ್ ಕ್ಯಾನ್ಸರ್ ಎಂದು ಗೊತ್ತಾದರೆ ಹುಮನಾಬಾದಿನಿಂದಲೇ ದಾರಿ ಕವಲೊಡೆಯುತ್ತದೆ: ಕಲಬುರಗಿಗೋ, ಹೆದ್ದಾರಿ ಹಿಡಿದು ಹೈದರಾಬಾದಿಗೋ ಸೊಲ್ಲಾಪುರಕ್ಕೋ, ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದದ್ದು ಗುಲ್ಬರ್ಗ ವಿಭಾಗದಲ್ಲೇ; ಬಿಪಿಎಲ್ ಕುಟುಂಬಗಳ ಕ್ಯಾನ್ಸರ್ ಚಿಕಿತ್ಸೆಯ ಖರ್ಚನ್ನು ಸರ್ಕಾರ ಹೊತ್ತಿತು. ಅಂದು ಚಿಕಿತ್ಸೆ ಪಡೆದು ಬದುಕಿದ ಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ.

ಮಕ್ಕಳ ಕ್ಯಾನ್ಸರ್ ಚಿಕಿತ್ಸೆ ಬಹುಕಾಲ ಜೀವ ಉಳಿಸುವುದೊಂದನ್ನೇ ಗುರಿಯಾಗಿಸಿಕೊಂಡಿತ್ತು. 1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಎಂಬ ಬ್ಲಡ್ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ಅಮಿನೊಪ್ಟೆರಿನ್‌ನಿಂದ ತಾತ್ಕಾಲಿಕ ಚೇತರಿಕೆ ಕಂಡರು. ಆ ಔಷಧದ ಹಿಂದೆ ಭೀಮಾವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡವಿತ್ತು. 1960ರ ದಶಕದಲ್ಲಿ ಮೆಂಫಿಸ್‌ನ ಡೊನಾಲ್ಡ್ ಪಿಂಕೆಲ್ ಹಲವು ಔಷಧಗಳ ಜೊತೆ ತಲೆಗೆ ವಿಕಿರಣ ಕೊಟ್ಟು ಅರ್ಧದಷ್ಟು ಮಕ್ಕಳನ್ನು ಉಳಿಸಿಕೊಂಡರು. ಆ ವಿಕಿರಣ ಕಲಿಕೆಯನ್ನೂ ಬೆಳವಣಿಗೆಯನ್ನೂ ಕುಂಠಿತಗೊಳಿಸುತ್ತದೆ ಎಂಬುದು ತಿಳಿದದ್ದು ಆಮೇಲೆ. ಗುಣಪಡಿಸಿದರಷ್ಟೇ ಸಾಲದು ಎಂದು ಅಮೆರಿಕದ ಕ್ಯಾನ್ಸರ್ ವೈದ್ಯ ಜೂಲಿಯೊ ಡಾಂಜಿಯೊ 1975ರಲ್ಲಿ ಬರೆದರು.

ಹೀಗೆ ಉಳಿದುಹೋಗುವ ತೊಂದರೆಗಳ ದೊಡ್ಡ ಲೆಕ್ಕ ಸಿಕ್ಕಿದ್ದು 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಧ್ಯಯನದಿಂದ. ಬಾಲ್ಯದ ಕ್ಯಾನ್ಸರಿನಿಂದ ಬದುಕುಳಿದ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಶೇ 62ರಷ್ಟು ಮಂದಿಗೆ ಒಂದಾದರೂ ದೀರ್ಘಕಾಲದ ತೊಂದರೆಯಿದೆ ಎಂದು ಅದು 2006ರಲ್ಲಿ ತೋರಿಸಿತು. ಅವರ ಸರಾಸರಿ ವಯಸ್ಸು ಇಪ್ಪತ್ತೇಳರ ಆಸುಪಾಸು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆ 1991ರಲ್ಲೇ ಚಿಕಿತ್ಸೆ ಮುಗಿಸಿದವರಿಗಾಗಿ ಬೇರೆ ಕ್ಲಿನಿಕ್ ತೆರೆದದ್ದು ದೂರದೃಷ್ಟಿಯ ಕೆಲಸ.

ಹೀಗೆ ಗುಣವಾಗಿ ಬೆಳೆದ ಯುವಕ ಯುವತಿಯರ ಚಿಂತೆಗಳಲ್ಲಿ ಉದ್ಯೋಗವಿದೆ, ವಿಮೆಯಿದೆ. ಆದರೆ ನಮ್ಮ ಕಡೆ ಎಲ್ಲಕ್ಕಿಂತ ಭಾರವಾದದ್ದು ಮದುವೆ. ಸಂಬಂಧ ನೋಡುವ ಹೊತ್ತಿಗೆ ಮನೆಯವರು ಹಳೆಯ ಕಾಯಿಲೆಯ ಮಾತನ್ನೇ ಹೂತುಹಾಕುತ್ತಾರೆ, ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ಹೆಚ್ಚು. ಹುಟ್ಟುವ ಮಕ್ಕಳಿಗೂ ಅದು ಅಂಟುತ್ತದೆ ಎಂಬ ಭಯ. ಕಣ್ಣಿಗೆ ಬರುವ ರೆಟಿನೊಬ್ಲಾಸ್ಟೋಮಾದಂಥ ಕೆಲವು ವಂಶವಾಹಿ ಕ್ಯಾನ್ಸರ್‌ಗಳನ್ನು ಬಿಟ್ಟರೆ ಈ ಭಯಕ್ಕೆ ಆಧಾರವಿಲ್ಲ ಎಂದು ಅಧ್ಯಯನಗಳು ಹೇಳಿವೆ. ಲ್ಯುಕೇಮಿಯಾದಿಂದ ಗುಣವಾದ ಹೆಚ್ಚಿನವರಿಗೆ ಮಕ್ಕಳಾಗುತ್ತವೆ. ಇದನ್ನು ಬೀಗರ ಮುಂದೆ ಕೂತು ಹೇಳುವ ವೈದ್ಯರು ಬೇಕು.

ಮುಚ್ಚಿಡುವುದರಿಂದ ಅಪಾಯ ಬರುವುದು ಬೇರೆ ಕಡೆಯಿಂದ. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧವನ್ನು ಎಷ್ಟೋ ತಾಯಂದಿರು ಬಣ್ಣದಿಂದಲೇ ನೆನಪಿಟ್ಟಿರುತ್ತಾರೆ. ಕೊಟ್ಟ ದಿನ ಮಗುವಿನ ಮೂತ್ರವೂ ಕೆಂಪಾಗುತ್ತದೆ. ಅದು ಹೃದಯದ ಸ್ನಾಯುವನ್ನು ಕುಗ್ಗಿಸಬಲ್ಲದು, ಅದೂ ಎಷ್ಟೋ ವರ್ಷಗಳ ನಂತರ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ಮುಟ್ಟಿದ್ದರೆ ಅಪಾಯ ಹೆಚ್ಚು. ಗರ್ಭಿಣಿಯಾದಾಗ ಹೃದಯದ ಮೇಲೆ ಹೊರೆ ಬೀಳುತ್ತದೆ. ಆಗ ವೈದ್ಯರಿಗೆ ಬೇಕಾದದ್ದು ಆ ಒಟ್ಟು ಪ್ರಮಾಣ. ಅದು ಬರೆದಿರುವುದು ಮನೆಯವರು ನಾಚಿಕೆಯಿಂದ ಹರಿದುಹಾಕುವ ಆ ಹಳೆಯ ಫೈಲಿನಲ್ಲೇ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಚಿಕಿತ್ಸೆ ಮುಗಿಸಿ ಮನೆಗೆ ಕಳಿಸುವಾಗ ಔಷಧ, ಪ್ರಮಾಣ, ವಿಕಿರಣದ ಜಾಗ ಬರೆದ ಒಂದು ಪುಟವನ್ನು ಕನ್ನಡದಲ್ಲಿ ಕೊಡಲಿ. ಗರ್ಭಿಣಿಯ ತಾಯಿ ಕಾರ್ಡ್ ತುಂಬುವ ಆಶಾ ಕಾರ್ಯಕರ್ತೆ, ಅತ್ತೆ ಪಕ್ಕದಲ್ಲಿಲ್ಲದಾಗ, ಚಿಕ್ಕಂದಿನಲ್ಲಿ ಕ್ಯಾನ್ಸರಿಗೆ ಔಷಧ ತಗೊಂಡಿದ್ದೀಯಾ ಎಂದು ಒಂದು ಮಾತು ಕೇಳಲಿ. ಹೌದೆಂದವರಿಗೆ ಮೊದಲ ಮೂರು ತಿಂಗಳೊಳಗೆ ಹೃದಯದ ಎಕೋ ಪರೀಕ್ಷೆ ಆಗಲಿ.