ಮಗಳ ಪಾಲು: ರೂಢಿ ಗೆದ್ದ ಕಾಲ

1847ರಲ್ಲಿ ಅಂದಿನ ಬೊಂಬಾಯಿ ಸುಪ್ರೀಂ ಕೋರ್ಟಿನ ಮುಂದೆ ಒಂದು ದಾವೆ ಬಂತು. ಖೋಜಾ ಸಮುದಾಯದ ಹೆಣ್ಣುಮಕ್ಕಳು ಕುರ್‌ಆನಿನ ನಿಯಮದಂತೆ ತಂದೆಯ ಆಸ್ತಿಯಲ್ಲಿ ಪಾಲು ಕೇಳಿದ್ದರು. ನ್ಯಾಯಾಧೀಶ ಅರ್ಸ್ಕಿನ್ ಪೆರಿ ಒಪ್ಪಲಿಲ್ಲ. ಈ ಸಮುದಾಯದಲ್ಲಿ ಮಗಳಿಗೆ ಪಾಲು ಕೊಡುವ ರೂಢಿಯಿಲ್ಲ, ಆ ರೂಢಿಯೇ ಇಲ್ಲಿ ಕಾನೂನು ಎಂದು ತೀರ್ಪಾಯಿತು. ಕಚ್ಛಿ ಮೇಮನರ ವಿಷಯದಲ್ಲೂ ಹಾಗೆಯೇ ಆಯಿತು.

ತಂದೆ ತಾಯಿ ಬಿಟ್ಟುಹೋದ ಸೊತ್ತಿನಲ್ಲಿ, ಅದು ಅಲ್ಪವಿರಲಿ ಅಧಿಕವಿರಲಿ, ಗಂಡಿನಂತೆ ಹೆಣ್ಣಿಗೂ ನಿಗದಿತ ಪಾಲಿದೆ ಎಂದು ಸೂರಃ ಅನ್ನಿಸಾ ಸಾರಿ ಆಗಲೇ ಹನ್ನೆರಡು ಶತಮಾನ ಕಳೆದಿತ್ತು.

ಒಂದೇ ದೇಶದಲ್ಲಿ ಊರಿಗೊಂದು ಪದ್ಧತಿ. ಪಂಜಾಬಿನ ಮುಸ್ಲಿಮ್ ರೈತ ಕುಟುಂಬಗಳಲ್ಲಿ ಜಮೀನು ಗಂಡುಮಕ್ಕಳಿಗೆ ಮಾತ್ರ. ಉತ್ತರ ಮಲಬಾರಿನ ಅನೇಕ ಮಾಪಿಳ್ಳ ಮನೆತನಗಳಲ್ಲಿ ಮರುಮಕ್ಕತ್ತಾಯ. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ನಮ್ಮ ತುಳುನಾಡಿನ ಬಂಟರಲ್ಲಿ, ಜೈನರಲ್ಲಿ ಅಳಿಯಸಂತಾನ. ಉಳಿದೆಡೆ ಬಹುಪಾಲು ಹಿಂದೂ ಅವಿಭಕ್ತ ಕುಟುಂಬಗಳಲ್ಲಿ ಮಿತಾಕ್ಷರ ಪದ್ಧತಿ. ಹುಟ್ಟಿನಿಂದಲೇ ಹಕ್ಕು ಗಂಡುಮಕ್ಕಳಿಗೆ ಮಾತ್ರ.

1937ರ ಶರೀಅತ್ ಕಾಯಿದೆ ಮುಸ್ಲಿಮರ ವಾರೀಸು ಹಕ್ಕಿನಲ್ಲಿ ರೂಢಿಯನ್ನು ಬದಿಗಿಟ್ಟಿತು. ರೂಢಿ ನಮ್ಮ ಹಕ್ಕನ್ನು ಕಸಿಯುತ್ತಿದೆ ಎಂದು ಮುಸ್ಲಿಮ್ ಮಹಿಳಾ ಸಂಘಟನೆಗಳೇ ಆಗ ದನಿಯೆತ್ತಿದ್ದವು. ಆದರೂ ಕೃಷಿಭೂಮಿ ಕಾಯಿದೆಯ ಹೊರಗುಳಿಯಿತು. ಅಂದು ದಕ್ಷಿಣ ಕನ್ನಡವೂ ಸೇರಿದ್ದ ಮದ್ರಾಸ್ ಪ್ರಾಂತ 1949ರಲ್ಲಿ ತಿದ್ದುಪಡಿ ತಂದು ಅದನ್ನೂ ಸೇರಿಸಿತು.

ಇತರರೂ ಸುಮ್ಮನೆ ಕೂರಲಿಲ್ಲ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕರ್ನಾಟಕ 1994ರಲ್ಲಿ ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಕೊಡಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ಅಳಿಸಿತು.

ಇನ್ನು ನಮ್ಮ ಮನೆಗಳ ಮಾತು. ತಂದೆ ತೀರಿದ ಮೇಲೆ ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದನ್ನು ನಾವು ನೋಡಿಲ್ಲವೇ? “ಮದುವೆಗೆ ಚಿನ್ನ ಕೊಟ್ಟಿದ್ದೇವಲ್ಲ” ಎನ್ನುತ್ತೇವೆ. ಮದುವೆಯ ಖರ್ಚು ವಾರೀಸು ಪಾಲಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿ ಮನಸಾರೆ ಬಿಟ್ಟುಕೊಟ್ಟದ್ದೂ ಅಲ್ಲ.

ಅಂದು ರೂಢಿಯನ್ನು ಗೆಲ್ಲಿಸಿದ್ದು ಕೋರ್ಟು. ಇಂದು ಗೆಲ್ಲಿಸುತ್ತಿರುವವರು ನಾವೇ. ಶರೀಅತ್ತನ್ನು ಉಳಿಸಬೇಕೆಂದು ಸಭೆಗಳಲ್ಲಿ ಹೇಳುವ ನಾವು, ಮೊದಲು ಮನೆಯ ಮಗಳ ಪಾಲನ್ನು ಅವಳ ಕೈಗಿಡೋಣ. ಅಲ್ಲಾಹನು ನಿಗದಿಪಡಿಸಿದ್ದನ್ನು ಕೊಡಲು ಅವಳು ಕೇಳುವವರೆಗೆ ಕಾಯಬೇಕಾಗಿಲ್ಲ.