ಡಾಲ್ಡಾ ಡಬ್ಬಿ ಹೇಳುವ ಇತಿಹಾಸ

ನಮ್ಮ ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಹಿಂದೆ ಅಡುಗೆಗೆ ಗಾಣದ ಕುಸುಬೆ, ಶೇಂಗಾ ಎಣ್ಣೆ, ಹಬ್ಬಕ್ಕೆ ತುಪ್ಪ. ತುಪ್ಪ ತುಟ್ಟಿಯಾದ ಮನೆಗಳಿಗೆ ತಾಳೆಮರದ ಚಿತ್ರವಿದ್ದ ಹಳದಿ ಡಬ್ಬಿ ಬಂತು.

ಎಣ್ಣೆಯನ್ನು ಗಟ್ಟಿಗೊಳಿಸುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದರು. ನಿಕಲ್ ಬೆರೆಸಿದ ಬಿಸಿ ಎಣ್ಣೆಯಲ್ಲಿ ಹೈಡ್ರೋಜನ್ ಹಾಯಿಸಿದರೆ ಅದು ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಇದೇ ವನಸ್ಪತಿ. ಭಾರತದಲ್ಲಿ 1937ರಲ್ಲಿ ಡಾಲ್ಡಾ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಮದುವೆಯ ಬುಂದಿ, ಜಾತ್ರೆಯ ಜಿಲೇಬಿ ಅದರಲ್ಲೇ ಕರಿದವು.

ಆದರೆ ಎಣ್ಣೆ ಅರ್ಧಂಬರ್ಧ ಗಟ್ಟಿಯಾದಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು 1990ರಲ್ಲಿ ಡಚ್ ವಿಜ್ಞಾನಿಗಳು ತೋರಿಸಿದರು. ನಮ್ಮ ದೇಶದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಅದರ ಮಿತಿ 2021ರಲ್ಲಿ ಶೇ. 3, 2022ರಲ್ಲಿ ಶೇ. 2 ಆಯಿತು. ಅಷ್ಟರಲ್ಲಿ ಎರಡು ಮೂರು ತಲೆಮಾರು ಅದನ್ನು ಉಂಡಿದ್ದವು. ಹೆಚ್ಚು ಉಂಡವರು ತುಪ್ಪ ಕೊಳ್ಳಲಾಗದವರೇ.

ಹಾಗೆಂದು ಕೊಬ್ಬನ್ನೇ ಬಿಡುವುದು ಬೇಡ. ಎ, ಡಿ, ಇ, ಕೆ ಜೀವಸತ್ವಗಳು ಕೊಬ್ಬಿನಲ್ಲೇ ಕರಗುತ್ತವೆ. ಆದರೆ ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿ, ಕುಸುಬೆಯೂ ಮಿತವಾಗಿರಲಿ. ಮಕ್ಕಳ ಡಬ್ಬಿಗೆ ಕರಿದ ಪೊಟ್ಟಣಕ್ಕಿಂತ ರೊಟ್ಟಿ, ಪಲ್ಯ, ಒಂದು ಚಮಚ ಶೇಂಗಾ ಹಿಂಡಿ ಮೇಲು. ಪೊಟ್ಟಣವನ್ನೇ ಕೊಂಡರೆ, ಅದರ ಹಿಂದಿನ ಸಣ್ಣ ಅಕ್ಷರಗಳನ್ನು ಮಕ್ಕಳಿಂದಲೇ ಓದಿಸೋಣ.