ಬಿದ್ದ ಬುಲೆಟ್ಟನ್ನು ಎತ್ತುವ ವಿದ್ಯೆ

ಕೊಡಗಿನ ರಸ್ತೆಗಳ ಚರಿತ್ರೆಯಲ್ಲಿ ಮೋಟಾರ್ ಸೈಕಲ್ಲಿಗೂ ಒಂದು ಪುಟ ಸಲ್ಲಬೇಕು. 1950ರ ದಶಕದ ಆರಂಭದಲ್ಲಿ ಭಾರತೀಯ ಸೇನೆಯು ಗಡಿ ಕಾವಲಿಗೆಂದು ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಬುಲೆಟ್ಟನ್ನು ಆರಿಸಿಕೊಂಡಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಯಿತು. ಮರುವರ್ಷ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಡನೆ ವಿಲೀನಗೊಂಡಿತು. 1961ರಲ್ಲಿ ಅದೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಹೊರಬಂದಿತು. 1973ರಿಂದ ಯೆಜ್ಡಿ ಎಂಬ ಹೆಸರು ತಳೆದ ಈ ಗಾಡಿಗಳ ತಯಾರಿಕೆ 1996ರಲ್ಲಿ ನಿಂತಿತು.

ಸೈನಿಕರ ನಾಡಾದ ನಮ್ಮಲ್ಲಿ ಬುಲೆಟ್ಟಿಗೆ ವಿಶೇಷ ಮರ್ಯಾದೆ. ಆದರೆ ಕಕ್ಕಡದ ಮಳೆಯಲ್ಲಿ ಪಾಚಿಗಟ್ಟಿದ ತೋಟದ ದಾರಿಗೆ ಮರ್ಯಾದೆ ತಿಳಿಯದು. ಹಳೆಯ ಬುಲೆಟ್ಟಿನ ತೂಕ 160 ಕಿಲೋಗೂ ಮಿಕ್ಕಿದ್ದು. ಇಂದಿನ ಕ್ಲಾಸಿಕ್ 350ರದು ಸುಮಾರು 195. ಐವತ್ತು ದಾಟಿದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದಿಗೂ ಬುಲೆಟ್ ಬಿಟ್ಟಿಲ್ಲ. ಅವರ ಸೊಂಟದ ಹಿತಕ್ಕಾಗಿಯೇ ಈ ಬರಹ.

ನಮ್ಮೂರಿನ ನಿವೃತ್ತ ಸುಬೇದಾರರೊಬ್ಬರು ಕಲಿಸಿದ ಕ್ರಮವಿದು. ಮೊದಲು ಬಿದ್ದವನ ಕಾಲು ನೋಡಬೇಕು, ಆಮೇಲೆ ಗಾಡಿ. ಇಂಜಿನ್ ನಿಲ್ಲಿಸಿ, ಪೆಟ್ರೋಲ್ ನಲ್ಲಿ ಇದ್ದರೆ ಮುಚ್ಚಬೇಕು. ಗಾಡಿ ಉರುಳದಂತೆ ಗೇರಿಗೆ ಹಾಕಬೇಕು. ಹಳೆಯ ಬುಲೆಟ್ಟಿನ ಗೇರು ಬಲಗಡೆ, ಜಾವಾದ್ದು ಎಡಗಡೆ. ಅದು ಅಡಿಗೆ ಸಿಕ್ಕಿದ್ದರೆ ಚಕ್ರಕ್ಕೆ ಕಲ್ಲು ಕೊಡಬೇಕು. ಬಲಕ್ಕೆ ಬಿದ್ದಿದ್ದರೆ ಎಡಗಡೆಯ ಸೈಡ್ ಸ್ಟ್ಯಾಂಡನ್ನು ಮೊದಲೇ ತೆರೆದಿಡಬೇಕು. ಇಲ್ಲವಾದರೆ ಎತ್ತಿದ ಗಾಡಿ ಆಚೆ ಬದಿಗೆ ಬಿದ್ದೀತು.

ಮುಂದಿನ ಚಕ್ರ ನೆಲದ ಕಡೆಗೆ ಮುಖಮಾಡುವಂತೆ ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂರಬೇಕು. ಒಂದು ಕೈಯಲ್ಲಿ ಕೆಳಗಿನ ಹಿಡಿ, ಇನ್ನೊಂದರಲ್ಲಿ ಚಾಸಿಯ ಗಟ್ಟಿ ಭಾಗ. ಬೆನ್ನು ನೆಟ್ಟಗಿಟ್ಟು, ತೊಡೆಯ ಬಲದಿಂದ ಪುಟ್ಟ ಹೆಜ್ಜೆಗಳಲ್ಲಿ ಹಿಂದಕ್ಕೆ ಒತ್ತುತ್ತ ಏಳಬೇಕು. ಕೈಗಳು ಹಿಡಿಯುವುದಕ್ಕೆ ಮಾತ್ರ, ಎಳೆಯುವುದಕ್ಕಲ್ಲ. ಬಾಗಿ ತೋಳಿನಿಂದ ಎಳೆದರೆ ಭಾರವೆಲ್ಲ ಬೆನ್ನುಹುರಿಯ ಮೇಲೆ ಬೀಳುತ್ತದೆ.

ತರಗತಿಯಲ್ಲಿ ಕಲಿತ ಸನ್ನೆಯ ತತ್ತ್ವ ಇಲ್ಲಿದೆ. ಟೈರುಗಳು ನೆಲ ಮುಟ್ಟಿರುವುದರಿಂದ ಇಡೀ ತೂಕವನ್ನು ನಾವು ಎತ್ತುತ್ತಿಲ್ಲ. ಗಾಡಿ ನೆಟ್ಟಗಾದಂತೆಲ್ಲ ಭಾರ ಟೈರಿನ ಮೇಲಕ್ಕೆ ಸರಿದು, ನಮ್ಮ ಪಾಲು ಕುಗ್ಗುತ್ತದೆ. ಆದ್ದರಿಂದ ಮೊದಲ ಗೇಣು ಏರುವುದೇ ಕಷ್ಟ. ತೋಟದಲ್ಲಿ 50 ಕಿಲೋ ಕಾಫಿ ಮೂಟೆ ಎತ್ತುವವರು ಮೊಣಕಾಲು ಮಡಿಸಿ ಏಳುವುದನ್ನು ನೋಡಿದ್ದೀರಲ್ಲ? ಯಾವ ಪಾಠಪುಸ್ತಕವೂ ಇಲ್ಲದೆ ಅವರು ಅರಿತ ವಿದ್ಯೆಯೂ ಅದೇ.

ಇಳಿಜಾರಿನ ಕಡೆಗೆ ತಲೆಕೆಳಗಾಗಿ ಬಿದ್ದ ಗಾಡಿಯನ್ನು ಮಾತ್ರ ಒಬ್ಬರೇ ಎತ್ತಲು ಹೋಗಬೇಡಿ. ದಾರಿಹೋಕರನ್ನು ಕರೆಯಿರಿ. ಕೊಡಗಿನಲ್ಲಿ ಕರೆದರೆ ಬಾರದವರನ್ನು ನಾನಂತೂ ಕಂಡಿಲ್ಲ.